ಘಾಟು ನಮ್ಮದು, ಕೆಟ್ಟ ಹೆಸರು ಅವರಿಗೆ

ಬೀರುವಿನ ಬಾಗಿಲು ತೆಗೆದರೆ ಇವತ್ತಿಗೂ ಸಣ್ಣಗೆ ಏಲಕ್ಕಿ ವಾಸನೆ ಬರುತ್ತದೆ. ಮೇಲಿನ ಅರೆಯಲ್ಲಿ, ನನ್ನ ಮದುವೆ ಸೀರೆಯ ಪಕ್ಕ, ಪ್ಲಾಸ್ಟಿಕ್ ಚೀಲದೊಳಗೆ ಒಂದು ಏಲಕ್ಕಿ ಹಾರವಿದೆ. ನನ್ನ ತವರು ಹಾವೇರಿಯ ಹಾರ. ಜರಿ ಇನ್ನೂ ಹೊಳೆಯುತ್ತದೆ, ಕಾಯಿಗಳು ಮಾತ್ರ ಬಣ್ಣಗೆಟ್ಟಿವೆ. ಒಂದು ಕಡೆ ಎಳೆ ಕಿತ್ತು ಹೋಗಿ ಕೆಲವು ಕಾಯಿಗಳೇ ಇಲ್ಲ. ಅವು ಎಲ್ಲಿ ಹೋದವು ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊನ್ನೆ ಬೆಳಿಗ್ಗೆ ಟಿವಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಸಿನಿಮಾಗಳಿಗೆ ಹಾಡಿದವರು. ನಮ್ಮ ಮನೆಯಲ್ಲಿ ಅವರಿಗೆ ಹೆಸರಿರಲಿಲ್ಲ, 'ಹಾಡಿನವರು' ಅಷ್ಟೇ. ನಮ್ಮ ಅತ್ತೆ ರೊಟ್ಟಿ ಬಡಿದ ಎಷ್ಟೋ ಬೆಳಗುಗಳು ರೇಡಿಯೊದಲ್ಲಿ ಬರುತ್ತಿದ್ದ ಆ ದನಿಯ ಜೊತೆಗೇ ಕಳೆದಿದ್ದವು. ಸುದ್ದಿ ಕೇಳಿ ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಟಿವಿ ಮುಂದೆ ಕೂತರು.

ಮಧ್ಯಾಹ್ನ ಅಧ್ಯಕ್ಷರ ಫೋನು ಬಂತು. ಊರಿನ ಮೆಣಸಿನಕಾಯಿ ವ್ಯಾಪಾರಸ್ಥರು, ಒಂದು ಗೆಳೆಯರ ಬಳಗದ ಅಧ್ಯಕ್ಷರು. ನನ್ನ ಗಂಡ ಅವರನ್ನು ಕಾಕಾ ಎನ್ನುತ್ತಾರೆ, ಹಾಗಾಗಿ ನಾನೂ.

"ತಂಗೀ, ಸಂಜೀಕ ನುಡಿನಮನ ಇಟ್ಟೇವಿ. ನಿಮ್ಮನ್ಯಾಗ ಆ ಏಲಕ್ಕಿ ಹಾರ ಐತೆಲ್ಲ, ಕೊಟ್ಟು ಕಳಸು. ಫೋಟೋಕ್ಕ ಹಾಕ್ತೇವಿ. ಹಾವೇರಿಗೆ ಹೋಗಿ ಹೊಸಾದು ತರಾಕ ಟೈಮಿಲ್ಲ."

ಸಿಟ್ಟು ನೆತ್ತಿಗೇರಿತು. ಯಾಕೆಂದು ಹೇಳಬೇಕಾದರೆ ಮೊದಲು ನಮ್ಮ ಊರಿನ ಮೂಗಿನ ವಿಷಯ ಹೇಳಬೇಕು.

ನಾನು ಬ್ಯಾಡಗಿಗೆ ಸೊಸೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡಿದ್ದೆ. ಅತ್ತೆ ನಗುತ್ತಿದ್ದರು. "ಇನ್ನೊಂದ್ ಸುಗ್ಗಿ ತಡಿಯವಾ, ನಿನ್ನ ಮೂಗೂ ನಮ್ಮ ಮೂಗಿನಂಗ ಆಕ್ಕೈತಿ." ಆಯಿತು ಕೂಡ. ಇಲ್ಲಿ ಹುಟ್ಟಿದವರಿಗಂತೂ ಘಾಟು ಎಂಬುದೊಂದಿದೆ ಎನ್ನುವುದೇ ಮರೆತುಹೋಗಿರುತ್ತದೆ. ಬಸ್ಸಿಳಿದ ನೆಂಟರು ಮೇಲಿಂದ ಮೇಲೆ ಸೀನಿದರೆ "ಥಂಡಿ ಆಗೇತೇನ್ರಿ?" ಎಂದು ಕೇಳುತ್ತಾರೆ. ಕುಚೋದ್ಯವಲ್ಲ, ನಿಜವಾಗಿಯೇ ಕೇಳುತ್ತಾರೆ.

ಹಾಡಿನವರು ಬಂದದ್ದು ಅಂಥ ಸುಗ್ಗಿಯಲ್ಲೇ. ಹಾವೇರಿ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದವು. ಯಾರು ಸಿಕ್ಕರೂ ಸನ್ಮಾನ ಮಾಡಿಬಿಡುವ ಹುರುಪು ಎಲ್ಲರಿಗೂ. ಅಷ್ಟು ಹೊತ್ತಿಗೆ ಸಿನಿಮಾದ ಹಾಡುಗಳು ಹೊಸ ಹುಡುಗರ ಪಾಲಾಗಿದ್ದವು. ಇವರು ಕರೆದ ಊರಿಗೆ ಹೋಗಿ ರಸಮಂಜರಿಯಲ್ಲಿ ಹಾಡುತ್ತಿದ್ದರು. ಬದುಕು ಅದರ ಮೇಲೇ ನಡೆಯಬೇಕಿತ್ತು.

ಬೆಳಗಿನ ರೈಲಿಗೆ ಹಾವೇರಿಯಲ್ಲಿ ಇಳಿದರು. ನನ್ನ ಗಂಡ ಹೋಗಿ ಕರೆತಂದರು. ಮೋಟೆಬೆನ್ನೂರು ರಸ್ತೆಯ ಕಡೆ, ಊರ ಅಂಚಿನಲ್ಲಿ ನಮ್ಮ ಮನೆ. ಗಾಳಿ ಮೋಟೆಬೆನ್ನೂರಿನ ಕಡೆಯಿಂದ ಬೀಸಿದರೆ ಇಲ್ಲಿ ಘಾಟಿನ ಕಾಟವಿಲ್ಲ. ಅದಕ್ಕೇ ಇಲ್ಲಿ ಇಳಿಸಿದರು ಎಂದುಕೊಳ್ಳಬೇಡಿ, ಒಳ್ಳೆಯ ಲಾಡ್ಜ್ ಇರಲಿಲ್ಲ, ಅದಕ್ಕೆ.

ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಒಂದು ಬಟ್ಟೆಯ ಚೀಲ. ಬಿಸಿನೀರು ಬಿಟ್ಟು ಬೇರೇನೂ ಕೇಳಲಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಎರಡು ಸಲ ಪಡಸಾಲೆಗೆ ಬಂದರು, ಎರಡು ಸಲವೂ ಹಾಗೇ ಒಳಗೆ ಹೋದರು. ಕೊನೆಗೆ ನಾನೇ ಹೇಳಿದೆ, ಇವರಿಗೆ ನಿಮ್ಮ ಆ ಜೋಗುಳದ ಹಾಡೆಂದರೆ ಜೀವ ಎಂದು.

"ಸಂಜೆಗೆ ಗಂಟಲು ಉಳಿಸಿಕೋಬೇಕಲ್ಲಮ್ಮಾ," ಎಂದು ನಕ್ಕರು. ಅತ್ತೆಯ ಮುಖ ನೋಡಿದರೋ ಏನೋ, ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಎಳೆದುಕೊಂಡು ಕೂತೇಬಿಟ್ಟರು. ತಾಳವಿಲ್ಲ, ತಂಬೂರಿಯಿಲ್ಲ. ಪೂರ್ತಿ ಹಾಡಿದರು. ಮೇಲಿನ ಸ್ವರಕ್ಕೆ ಹೋದಾಗಲೂ ದನಿ ಒಂದಿಷ್ಟು ನಡುಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು, ನಮ್ಮಿಬ್ಬರಿಗೂ ಖಬರಿರಲಿಲ್ಲ.

ಮಧ್ಯಾಹ್ನ ವೇದಿಕೆ ನೋಡಲು ಹೋದೆ. ಎಲ್ಲಿ ಕಟ್ಟಿದ್ದರು? ಅಧ್ಯಕ್ಷರ ಗೋದಾಮಿನ ಮುಂದಿನ ಬಯಲಿನಲ್ಲಿ! ಅಲ್ಲಿಯವರೆಗೆ ಮೆಣಸಿನಕಾಯಿ ಹರವಿದ್ದ ಜಾಗ. ದೊಡ್ಡವರು ಬರುತ್ತಾರೆಂದು ಚೀಲಗಳನ್ನು ಒಂದು ಮಗ್ಗುಲಿಗೆ ಒಟ್ಟಿ, ಅಷ್ಟಗಲ ಬಯಲನ್ನು ಗೌರವದಿಂದ ಗುಡಿಸುತ್ತಿದ್ದರು. ಕಸಬರಿಗೆ ಆಡಿದಂತೆಲ್ಲ ಕೆಂಪು ದೂಳು ಏಳುತ್ತಿತ್ತು. ಪಳಗಿದ ನನ್ನ ಮೂಗಿಗೇ ಅದು ತಡೆಯಲಿಲ್ಲ.

"ಕಾಕಾರ, ಹಾಡೋರು ಇಲ್ಲಿ ಹೆಂಗ ಹಾಡ್ತಾರ್ರಿ? ಸಾಲಿ ಮೈದಾನಕ್ಕ ಒಯ್ರಿ. ಇಲ್ಲಂದ್ರ ನೀರರ ಹೊಡಸ್ರಿ."

"ನೀರು ಹೊಡದ್ರ ಚೀಲ ತೊಯ್ತಾವಲ್ಲವಾ," ಎಂದರು. ಆಮೇಲೆ ಪಕ್ಕದವರ ಕಡೆ ತಿರುಗಿ, "ಹಾವೇರಿ ಮೂಗು ನೋಡ್ರಿ, ಇನ್ನೂ ಹಣ್ಣಾಗಿಲ್ಲ!" ಎಂದು ನಕ್ಕರು. ಎಲ್ಲರೂ ನಕ್ಕರು.

ಸಂಜೆ ಮೊದಲು ಭಾಷಣ, ಆಮೇಲೆ ಶಾಲು, ಪೇಟ, ಈ ಏಲಕ್ಕಿ ಹಾರ. ಅಷ್ಟರಲ್ಲಿ ಸಾವಿರ ಕಾಲುಗಳು ಆ ನೆಲವನ್ನು ತುಳಿದಾಗಿತ್ತು. ಹಾಡಿನವರು ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಕೂತಿದ್ದರು. ಹಾಡು ಎತ್ತಿಕೊಂಡರು. ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ ಕೆಮ್ಮು ಶುರುವಾಯಿತು. ನೀರು ಕುಡಿದರು, ಮತ್ತೆ ಎತ್ತಿಕೊಂಡರು, ಮತ್ತೆ ಕೆಮ್ಮು. ಕಣ್ಣಲ್ಲಿ ನೀರು. ಕೊನೆಗೆ ಕೊರಳಲ್ಲಿದ್ದ ಹಾರಕ್ಕೆ ಕೈಹಾಕಿ, ಏಲಕ್ಕಿ ಕಿತ್ತು ಬಾಯಿಗೆ ಹಾಕಿಕೊಂಡರು. ಪಾಪ, ಗಂಟಲಿಗೆ ಇನ್ನೇನು ಸಿಗಬೇಕು ಅಲ್ಲಿ?

"ಲೇ, ಹಾರಾನ ತಿನ್ನಾಕತ್ತಾರೋ!" ಎಂದು ಯಾರೋ ಕೂಗಿದರು. ಸೀಟಿ, ನಗೆ, ಕೇಕೆ.

ಅವರು ಮೈಕಿನ ಮುಂದೆ ಕೈಮುಗಿದರು. "ನನ್ನ ಗಂಟಲು ಇವತ್ತು ಸರಿಯಿಲ್ಲ, ದಯವಿಟ್ಟು ಕ್ಷಮಿಸಿ," ಎಂದು ಇಳಿದುಬಿಟ್ಟರು.

ಮನೆಗೆ ವಾಪಸ್ ಬರುವಾಗ ಕಾರಿನಲ್ಲಿ ನಾನು ತಡೆಯಲಾರದೆ ಕೇಳಿದೆ, "ಮೆಣಸಿನಕಾಯಿ ಘಾಟು ಅಂತ ಹೇಳಬಾರ್ದಿತ್ತೇನ್ರಿ?"

"ಕರೆದು ಮರ್ಯಾದೆ ಮಾಡಿದವರ ಅಂಗಳದಲ್ಲೇ ನಿಂತು ಅವರ ಬೆಳೆಯನ್ನ ದೂರೋದು ಹೇಗಮ್ಮಾ?" ಎಂದರು. ಹೊರಡುವಾಗ ಹಾರವನ್ನು ಅತ್ತೆಯ ಕೈಗಿತ್ತರು. "ನಾನು ಹಾಡಿದ್ದು ನಿಮ್ಮ ಮನೆಯಲ್ಲಿ ಮಾತ್ರ. ಇದು ಇಲ್ಲೇ ಇರಲಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ಡೊಂಕಾಗಿತ್ತು, ಕುಣಿಯಬಲ್ಲವರು ಬಾಯಿ ಬಿಡಲಿಲ್ಲ. ಆದರೆ ಊರಿನ ಬಾಯಿಗೆ ಬೀಗ ಎಲ್ಲಿದೆ? ಮರುದಿನವೇ ಶುರು. ಕಂಠ ಹೋಗಿದೆಯಂತೆ, ಕುಡಿದು ಬಂದಿದ್ದರಂತೆ, ಹಾರ ಹರಿದು ತಿಂದರಂತೆ. ಬಸ್ಸು ಹತ್ತಿದ ಮಾತು ಕರ್ಜಗಿಯಲ್ಲೂ ಇಳಿಯಿತು, ರಾಣೆಬೆನ್ನೂರಿನಲ್ಲೂ ಇಳಿಯಿತು. ರಾಣೆಬೆನ್ನೂರಿನ ಒಂದು ಗಣಪತಿ ಮಂಡಳಿಯವರು ಆ ವರ್ಷಕ್ಕೆ ಇವರನ್ನೇ ಗೊತ್ತು ಮಾಡಿದ್ದರು. ಬಿಟ್ಟುಬಿಟ್ಟರು. ಆಮೇಲೆ ನಮ್ಮ ಸೀಮೆಯಿಂದ ಅವರಿಗೆ ಕರೆ ಹೋದದ್ದು ನಾನು ಕೇಳಿಲ್ಲ. ಮದುವೆ, ಸೀಮಂತ, ಸಂತೆ, ಹೋದಲ್ಲೆಲ್ಲ ನಾನು ಹೇಳಿದೆ, ಅದು ನಮ್ಮ ಘಾಟ್ರೀ ಎಂದು. "ಯಾವ ಘಾಟು?" ಎನ್ನುತ್ತಿದ್ದರು. ಅಂಥವರಿಗೆ ಏನು ಹೇಳುವುದು!

ಈಗ ಅವರು ತೀರಿಕೊಂಡ ಮೇಲೆ ಆ ಹಾರ ಬೇಕಂತೆ, ಫೋಟೋಕ್ಕೆ!

ಫೋನಿನಲ್ಲಿ ಹೇಳಿದೆ. "ಕೊಡ್ತೇನ್ರಿ ಕಾಕಾರ. ಆದ್ರ ಒಂದ್ ಮಾತು. ಅವರ ಕಂಠ ಹೋಗಿರ್ಲಿಲ್ಲ, ನಮ್ಮ ಘಾಟಿಗೆ ಕೆಮ್ಮಿದ್ರು ಅಂತ ಮೈಕಿನ್ಯಾಗ ಹೇಳ್ರಿ."

"ಏ, ಹೋದವ್ರಿಗೆ ಈಗ ಅದೆಲ್ಲಾ ಯಾಕ ಬೇಕವಾ?"

"ಹಂಗಾರ ಹಾರಾನೂ ಯಾಕ ಬೇಕ್ರಿ?" ಎಂದು ಫೋನು ಇಟ್ಟೆ. ಅವರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ನುಡಿನಮನ ಅದೇ ಬಯಲಿನಲ್ಲಿ ನಡೆಯಿತು. ಧ್ವನಿವರ್ಧಕ ನಮ್ಮ ಮನೆಯವರೆಗೂ ಕೇಳುತ್ತಿತ್ತು. ಕೊನೆಗಾಲದಲ್ಲಿ ಪಾಪ ಅವರ ಕಂಠ ಹೋಗಿತ್ತು, ಅಂಥ ಹೊತ್ತಿನಲ್ಲೂ ನಮ್ಮ ಬ್ಯಾಡಗಿ ಅವರ ಕೈಬಿಡಲಿಲ್ಲ ಎಂದರು ಅಧ್ಯಕ್ಷರು. ಚಪ್ಪಾಳೆ ಬಿತ್ತು! ಆಮೇಲೆ ಆ ಜೋಗುಳದ ಕ್ಯಾಸೆಟ್ ಹಾಕಿದರು.

ಅತ್ತೆ ಅಡುಗೆಮನೆಯ ಹೊಸ್ತಿಲ ಹತ್ತಿರ ಗೋಡೆಗೊರಗಿ ಕೂತಿದ್ದರು. ಈಗ ಅವರಿಗೆ ಕಿವಿ ಸ್ವಲ್ಪ ಮಂದ. ಹಾಡು ಮುಗಿಯುವವರೆಗೂ ಕಿವಿಗೆ ಕೈ ಆನಿಸಿಕೊಂಡೇ ಇದ್ದರು.

"ಅವತ್ತು ಇಲ್ಲಿ ಕುಂತು ಹಾಡಿದ್ದು ಇದಕ್ಕಿಂತ ಚಲೋ ಇತ್ತಲ್ಲ?" ಎಂದರು.

"ಹೌದ್ರಿ ಅತ್ತಿ."

"ಕೇಳಿದವ್ರು ನಾವಿಬ್ರ..." ಎಂದು ನನ್ನ ಕಡೆ ತಿರುಗಿದರು. "ನಾ ಹೋದ ಮ್ಯಾಲೂ ನೀ ಇದನ್ನ ಹೇಳಕೊಂತ ಇರು. ಯಾರು ನಗಲಿ, ಬಿಡಲಿ."

ಹ್ಞೂಂ ಎಂದೆ. ಅದಕ್ಕೇ ಇದನ್ನೆಲ್ಲ ಬರೆದೆ.