ಬೇವಿನ ಮರಕ್ಕೆ ಕ್ಯಾತಣ್ಣ ಹೇಳಿದ ರೇಟು

ಮರದ ತುದಿಯಲ್ಲಿ ನಿಂತಾಗ ಕ್ಯಾತಣ್ಣನಿಗೆ ಒಂದು ದಿನವೂ ತಲೆ ತಿರುಗಿದ್ದಿಲ್ಲ. ನೆಲದ ಮೇಲೆ ನಿಂತಿರುವಾಗ ಯಾರಾದರೂ 'ಎಷ್ಟು ತಗೊಂತೀಯಪ್ಪ?' ಅಂತ ಕೇಳಿದರೆ ಮಾತ್ರ ಗಿರ್ರನೆ ತಿರುಗುತ್ತಿತ್ತು. ಬಾಯಿ ಒಣಗುವುದು, ಬೆವರೇ ಇಲ್ಲದ ಮುಖವನ್ನು ಟವೆಲ್ಲಿನಿಂದ ಒರೆಸಿಕೊಳ್ಳುವುದು, ಮರವನ್ನು ಬುಡದಿಂದ ತುದಿಯ ತನಕ ನೋಡುವುದು, ಮತ್ತೆ ತುದಿಯಿಂದ ಬುಡಕ್ಕೆ ಇಳಿಯುವುದು. ಕೊನೆಗೆ ಯಾವುದೋ ಒಂದು ಅಂಕಿ ಬಾಯಿಂದ ಉದುರುತ್ತಿತ್ತು. ಅದು ಎಲ್ಲಿಂದ ಬಂತು ಅಂತ ಕೇಳಿದರೆ, ದೇವರಾಣೆ, ಅವನಿಗೂ ಗೊತ್ತಿರಲಿಲ್ಲ.

ಬಿ.ಜಿ. ಕೆರೆ ಕಡೆಯ ಗೊಲ್ಲರಹಟ್ಟಿಯವನು ಅವನು. ನಲವತ್ತು ದಾಟಿದೆ, ಆದರೂ ಮರ ಕಂಡರೆ ಚಪ್ಪಲಿ ಬಿಡುವುದೊಂದೇ ತಡ. ಚಿಕ್ಕಂದಿನಿಂದ ಮೇಕೆ ಕಾಯ್ದ ಕೈಕಾಲು. ಬೇಸಿಗೆಯಲ್ಲಿ ನೆಲದ ಮೇಲೆ ಹಸಿರು ಅನ್ನುವುದು ಇರುವುದಿಲ್ಲ, ಇದ್ದರೆ ಮರದ ಮೇಲೆ. ಉದ್ದನೆ ಗಳದ ತುದಿಗೆ ಕುಡುಗೋಲು ಕಟ್ಟಿದ ದೋಟಿ ಹಿಡಿದು ಸೊಪ್ಪು ಇಳಿಸಬೇಕು, ದೋಟಿಗೆ ಎಟುಕದಿದ್ದರೆ ಹತ್ತಿ ಇಳಿಸಬೇಕು. ಹೊಲದವರೇ ಕರೆಯುತ್ತಿದ್ದರು, 'ಬಾರೋ ಕ್ಯಾತ, ಬದುವಿನ ಬೇವು ಬೆಳೆಗೆ ನೆಳ್ಳು ಹಾಕ್ತೈತೆ, ಒಂಚೂರು ಸವರಿಕೊಡು' ಅಂತ. ಕಟ್ಟಿಗೆ ಹೊಲದವನಿಗೆ, ಸೊಪ್ಪು ಮೇಕೆಯವನಿಗೆ. ಅಲ್ಲಿಗೆ ಮುಗಿಯಿತು, ದುಡ್ಡಿನ ಮಾತೇ ಬರುತ್ತಿರಲಿಲ್ಲ.

ಆ ಮಾತು ತಂದವನು ರಾಮಾಂಜನೇಯ. ಲಗೇಜ್ ಆಟೋ ಇಟ್ಟುಕೊಂಡು ಹಳ್ಳಿಯ ತರಕಾರಿಯನ್ನು ಚಳ್ಳಕೆರೆ ಮಾರ್ಕೆಟ್ಟಿಗೆ ಹಾಕುವವನು, ಕ್ಯಾತಣ್ಣನ ಜೊತೆಗಾರ. "ಟೌನಿನಾಗೆ ಜನ ಮರಕ್ಕೆ ಹೆದರ್ಕೊಂಡು ಬದುಕ್ತಾವ್ರೆ ಕಣ್ಲೇ," ಅಂದ ಒಂದು ದಿನ. "ಒಬ್ಬರ ಮನೆ ಮೇಲೆ ಕೊಂಬೆ, ಇನ್ನೊಬ್ಬರ ಕರೆಂಟ್ ವೈರಿನ ಮೇಲೆ ಕೊಂಬೆ. ಹತ್ತೋರೇ ಇಲ್ಲ. ನೀ ಹತ್ತು, ನಾ ಕೆಲಸ ಹಿಡೀತೀನಿ." ಹಾಗೆ ಶುರುವಾಯಿತು. ಕ್ಯಾತಣ್ಣ ಕತ್ತರಿಸುವುದು, ಖಾಲಿ ವಾಪಸ್ಸಾಗುವ ಆಟೋದಲ್ಲಿ ಸೊಪ್ಪು ತುಂಬಿಕೊಂಡು ಹಟ್ಟಿಗೆ ಬರುವುದು, ಹೆಂಡತಿ ಕೆಂಚಕ್ಕ ಅದನ್ನು ತನ್ನ ಮೇಕೆಗಳ ಮುಂದೆ ಕಟ್ಟುವುದು. ಆಟೋದ ಹಿಂಭಾಗಕ್ಕೆ ಫೋನ್ ನಂಬರನ್ನೂ ಬರೆಸಿದರು. ಫೋನು ಬಡಿದುಕೊಂಡಿತು, ಕ್ಯಾತಣ್ಣನ ಫಜೀತಿಯೂ ಅಲ್ಲಿಂದಲೇ ಹತ್ತಿಕೊಂಡಿತು.

ಮೊದಲನೆಯ ಫಜೀತಿ ಮಿಷನ್ನಿನದು. ಕೊಡಲಿ, ಮಚ್ಚಿನಲ್ಲಿ ಒಂದು ಮರಕ್ಕೆ ಇಡೀ ದಿನ ಹಿಡಿಯುತ್ತಿತ್ತು. ರಾಮಾಂಜನೇಯ ಅವನನ್ನು ಚಳ್ಳಕೆರೆಯ ಒಂದು ಅಂಗಡಿಗೆ ಎಳೆದುಕೊಂಡು ಹೋದ. ಗೋಡೆಯ ತುಂಬ ಮರ ಕೊಯ್ಯುವ ಮಿಷನ್ನುಗಳು ಸಾಲಾಗಿ ತೂಗುತ್ತಿದ್ದವು.

"ಎಷ್ಟು ದಪ್ಪದ ಮರ ಕೊಯ್ತೀರಿ?" ಅಂಗಡಿಯವನು ಕೇಳಿದ.

"ಎಲ್ಲಾ ಮರಾನೂ."

"ಎಲ್ಲಾ ಅಂದ್ರೆ?"

"ಇರೋವೆಲ್ಲಾ," ಅಂದ ಕ್ಯಾತಣ್ಣ.

ಅಂಗಡಿಯವನು ಪಾಪ, ತಾಳ್ಮೆಯ ಮನುಷ್ಯ. ಉದ್ದ ಬ್ಲೇಡಿನದು ಬುಡ ಕೊಯ್ಯಲಿಕ್ಕೆ, ಗಿಡ್ಡದ್ದು ಕೊಂಬೆಗೆ, ಪೆಟ್ರೋಲಿನದು ಜೋರು, ಬ್ಯಾಟರಿಯದು ಹಗುರ, ಚೈನಿಗೆ ಒಂದು ಆಯಿಲ್ಲು, ಪೆಟ್ರೋಲಿಗೆ ಬೆರೆಸಲಿಕ್ಕೆ ಇನ್ನೊಂದು ಆಯಿಲ್ಲು ಅಂತ ಬಿಡಿಸಿ ಬಿಡಿಸಿ ಹೇಳಿದ. "ಏನ್ರಿ ಇದು, ಮಿಷನ್ನು ಎರಡೆರಡು ಎಣ್ಣೆ ಕುಡೀತೈತಾ?" ಅಂತ ಕ್ಯಾತಣ್ಣ ಕಣ್ಣು ಕಣ್ಣು ಬಿಟ್ಟ. ಒಂದನ್ನು ಎತ್ತಿ ನೋಡಿದ, ಕೆಳಗಿಟ್ಟ. ಇನ್ನೊಂದನ್ನು ಮೇಕೆಮರಿ ಎತ್ತಿಕೊಂಡ ಹಾಗೆ ಕಂಕುಳಲ್ಲಿ ಇಟ್ಟುಕೊಂಡ. ರಾಮಾಂಜನೇಯ "ದೊಡ್ಡದೇ ತಗೋಳ್ಲೇ, ಜನ ಮಿಷನ್ ನೋಡೇ ರೇಟ್ ಕೊಡ್ತಾರೆ" ಅಂದ. ಊರಿನಲ್ಲಿ ಯಾರೋ ಬ್ಯಾಟರಿಯದೇ ಸೈ ಅಂದರು, ಇನ್ನಾರೋ ಬ್ಯಾಟರಿ ಅರ್ಧ ಮರಕ್ಕೆ ಮಲಗಿಬಿಡುತ್ತದೆ ಅಂದರು. ಕೇಳಿದಷ್ಟೂ ಅವನ ತಲೆ ಚಿಟ್ಟು ಹಿಡಿಯಿತು.

ಬಗೆಹರಿಸಿದವಳು ಕೆಂಚಕ್ಕ. ಮೇಕೆಯ ಕಾಲಿಗೆ ಚುಚ್ಚಿದ್ದ ಮುಳ್ಳು ತೆಗೆಯುತ್ತಾ ಎಲ್ಲಾ ಕೇಳಿಸಿಕೊಂಡಳು.

"ಒಂದ್ಕೈಲಿ ಮಿಷನ್ ಹಿಡ್ಕೊಂತೀಯ. ಇನ್ನೊಂದ್ಕೈ?"

"ಅದನ್ನೂ ಮಿಷನ್ನಿಗೇ ಹಿಡೀಬೇಕಂತೆ. ಎರಡೂ ಕೈ ಬೇಕು."

"ಹಂಗಾದ್ರೆ ಮರ ಯಾತರಾಗೆ ಹಿಡ್ಕೊಂತೀಯ? ಹಲ್ಲಿನಾಗಾ?"

ಕ್ಯಾತಣ್ಣನಿಗೆ ಇದು ಹೊಳೆದೇ ಇರಲಿಲ್ಲ. ಸೊಂಟಕ್ಕೂ ತೊಡೆಗೂ ಕಟ್ಟಿಕೊಂಡು ಮರಕ್ಕೆ ಜೋತು ನಿಲ್ಲುವ ಬೆಲ್ಟೊಂದನ್ನು ಅಂಗಡಿಯವನು ತೋರಿಸಿದ್ದ, ಬೆಲೆ ಕೇಳಿ ಇವನು ನಕ್ಕು ಬಂದಿದ್ದ. ಈಗ ಅದನ್ನು ಹೇಳಿದ. ಬೆಲ್ಟು, ಹಗ್ಗ, ಗಿಡ್ಡ ಮಿಷನ್ನು, ತಲೆಗೊಂದು ಟೋಪಿ, ಎಲ್ಲಾ ಸೇರಿದರೆ ಮನೆಯಲ್ಲಿ ಅಷ್ಟು ದುಡ್ಡು ಎಲ್ಲಿದೆ? ಇದ್ದದ್ದು ಹಟ್ಟಿಯ ಬೇಲಿಯೊಳಗೆ ನಿಂತಿತ್ತು.

ಆ ಮೇಕೆಗಳು ಕೆಂಚಕ್ಕನವು. ಹಟ್ಟಿಯಲ್ಲಿ ಯಾರೂ ಅವನ್ನು ಕ್ಯಾತಣ್ಣನ ಮೇಕೆ ಅನ್ನುತ್ತಿರಲಿಲ್ಲ. ಮದುವೆಯಲ್ಲಿ ತವರಿನಿಂದ ಎರಡು ಹೆಣ್ಣುಮರಿ ಹೊಡೆದುಕೊಂಡು ಬಂದಿದ್ದಳು, ಅವುಗಳ ಹೊಟ್ಟೆಯಲ್ಲಿ ಹುಟ್ಟಿದ್ದು ಬೆಳೆದು ಬೇಲಿ ತುಂಬಿತ್ತು. ಯಾವುದರ ಅವ್ವ ಯಾವುದು, ಯಾವುದರ ಅಜ್ಜಿ ಯಾವುದು, ಎಲ್ಲಾ ಅವಳ ಬಾಯಲ್ಲೇ ಇತ್ತು. ಕ್ಯಾತಣ್ಣ ಕೇಳಲಾರದೆ ಕೇಳಲಾರದೆ ಕೇಳಿದ. ಬೈಯುತ್ತಾಳೆ ಅಂದುಕೊಂಡಿದ್ದ.

"ನೀ ಮರದಿಂದ ಬಿದ್ದು ಸತ್ರೆ ಮೇಕೆ ಕಟ್ಕೊಂಡು ನಾನೇನ್ ಮಾಡ್ಲಿ?" ಅಂದಳು ಕೆಂಚಕ್ಕ. "ಮಾರು. ಬೆಲ್ಟು ತಗೋ."

ದೇವಸಮುದ್ರದ ಹತ್ತಿರ ಮುರುಗೇಶ್ ಅನ್ನುವವನದೊಂದು ಶೆಡ್ಡಿತ್ತು. ಮೇಕೆ ಕೊಂಡು, ಅಲ್ಲೇ ಕಟ್ಟಿ ಮೇಯಿಸಿ, ದಪ್ಪ ಮಾಡಿ ಹಬ್ಬಕ್ಕೆ ಮಾರುವ ವ್ಯಾಪಾರ. ಅವನೇ ಗಾಡಿ ತಂದು ಅಷ್ಟನ್ನೂ ತುಂಬಿಕೊಂಡು ಹೋದ. ಮೇಕೆ ಗಾಡಿ ಹತ್ತುವಾಗ ಕೆಂಚಕ್ಕ ನೀರಿಗೆ ಹೋಗಿದ್ದಳು. ಖಾಲಿ ಬೇಲಿಯ ಬಾಗಿಲನ್ನು ಕ್ಯಾತಣ್ಣ ಎಳೆದು ಕಟ್ಟಿದ. ಈ ಮಿಷನ್ನು ದುಡಿದು ಹಾಕಲೇಬೇಕು, ಇಲ್ಲದಿದ್ದರೆ ಅವಳ ಜೀವಮಾನದ ಮೇಕೆಯನ್ನು ಕಂಡವರ ಬಾಯಿಗೆ ಹಾಕಿದ ಹಾಗೆ. ಇದೊಂದು ಮಾತ್ರ ಅವನಿಗೆ ಗೊಂದಲವಿಲ್ಲದೆ ಅರ್ಥವಾಗಿತ್ತು.

ಬೆಲ್ಟು ಕಟ್ಟಿಕೊಂಡು ಹೊರಟ ಮೊದಲ ಕೆಲಸ ಚಳ್ಳಕೆರೆಯ ಪ್ರೇಮಲತಾ ಮೇಡಂ ಅವರದು. ಮೇಡಂ ಮನೆಯ ಮುಂದೆ ಎರಡು ಮರ. ಒಂದು ಹಳೇ ಬೇವು, ಅರ್ಧ ಮೈ ಮನೆಯ ಮೇಲೇ ಚಾಚಿಕೊಂಡಿದ್ದು. ಇನ್ನೊಂದು ಗೇಟಿನ ಪಕ್ಕದ ನೀಲಗಿರಿ, ಕಂಬದ ಹಾಗೆ ನೆಟ್ಟಗಿದ್ದದ್ದು.

"ಎರಡಕ್ಕೂ ಬೇರೆ ಬೇರೆ ಹೇಳಪ್ಪ," ಅಂದರು ಮೇಡಂ.

ಕ್ಯಾತಣ್ಣ ಮುಖ ಒರೆಸಿಕೊಂಡ. ಬುಡದಿಂದ ತುದಿ, ತುದಿಯಿಂದ ಬುಡ. "ನೀಲಗಿರಿಗೆ ಎರಡೂವರೆ ಸಾವ್ರ ರೀ. ಬೇವಿಗೆ... ಆರ್ನೂರು ಕೊಡ್ರಿ, ಸಾಕು."

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಉಲ್ಟಾ ಹೇಳಿದೆಯಾ?"

"ಇಲ್ಲ ರೀ, ಸರಿಯಾಗೇ ಹೇಳ್ದೆ."

"ಅಲ್ಲಪ್ಪಾ, ಬೇವು ಮನೆ ಮೇಲೆ ಮಲಗಿಬಿಟ್ಟಿದೆ. ಹುಷಾರಾಗಿ ಒಂದೊಂದೇ ಕೊಂಬೆ ಇಳಿಸಬೇಕು. ಇದು ನೋಡಿದರೆ ಕಡ್ಡಿ ಇದ್ದಂಗಿದೆ. ಇದಕ್ಕೆ ಜಾಸ್ತಿ, ಅದಕ್ಕೆ ಕಡಿಮೆ?"

"ಬೇವು ಒಳ್ಳೇ ಮರ ರೀ."

"ನೀಲಗಿರಿ ಕೆಟ್ಟದ್ದಾ?"

"ಕೆಟ್ಟದ್ದಲ್ಲ... ಉಪಯೋಗಿಲ್ಲ."

"ಯಾರಿಗೆ ಉಪಯೋಗಿಲ್ಲ?"

ಕ್ಯಾತಣ್ಣ ಮತ್ತೆ ಮುಖ ಒರೆಸಿಕೊಂಡ. ಯಾರಿಗೆ ಅಂತ ಅವನಿಗೂ ಹೊಳೆಯಲಿಲ್ಲ. ಪಕ್ಕದಲ್ಲಿ ರಾಮಾಂಜನೇಯ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ. ಇವನ ರೇಟಿನ ತಳಬುಡ ಅವನಿಗೆ ಎಂದೂ ಗೊತ್ತಾಗಿದ್ದಿಲ್ಲ. ಒಮ್ಮೆ ಆಲದ ಮರಕ್ಕೆ ಪುಕ್ಕಟೆ ಅನ್ನುವ ಹಾಗೆ ಒಪ್ಪಿಕೊಂಡು ಬಂದಿದ್ದ, ಇನ್ನೊಮ್ಮೆ ಗಾಳಿ ಮರಕ್ಕೆ ಬಾಯಿಗೆ ಬಂದಷ್ಟು ಕೇಳಿ ಗಿರಾಕಿಯನ್ನೇ ಓಡಿಸಿದ್ದ. ಕೇಳಿದರೆ 'ಯಾಕೋ ಹಂಗನ್ನಿಸ್ತು' ಅನ್ನುವುದೊಂದೇ ಉತ್ತರ.

"ನೀಲಗಿರಿ ಹಾಗೇ ಇರಲಿ ಬಿಡು," ಅಂದರು ಮೇಡಂ, ನಗು ತಡೆದುಕೊಂಡು. "ಬೇವು ಮಾಡಿಕೊಡು. ಕಟ್ಟಿಗೆ ಇಲ್ಲೇ ಇರಲಿ, ಸೊಪ್ಪು ಮಾತ್ರ ಒಂದೆಲೆ ಉಳಿಯದ ಹಾಗೆ ತೆಗೆದುಕೊಂಡು ಹೋಗಬೇಕು."

"ಒಂದೆಲೆನೂ ಬಿಡಲ್ಲ ರೀ!" ಅಂದ ಕ್ಯಾತಣ್ಣ, ಸೊಪ್ಪಿನ ಮಾತು ಕೇಳಿದ್ದೇ ಮುಖ ಅರಳಿಸಿಕೊಂಡು.

ಕೆಲಸವೇನೋ ಹೂವು ಎತ್ತಿದ ಹಾಗೆ ಆಯಿತು. ಬೆಲ್ಟು ಮರಕ್ಕೆ ಕಚ್ಚಿಕೊಂಡಿತು, ಎರಡೂ ಕೈ ಬಿಡುವಾದವು, ಮಿಷನ್ನು ಬೆಣ್ಣೆ ಕೊಯ್ದ ಹಾಗೆ ಕೊಯ್ಯಿತು. ಕೊಂಬೆಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಟ್ಟ, ಮೇಡಂ ಮನೆಯ ಒಂದು ಹೆಂಚೂ ಅಲುಗಲಿಲ್ಲ. ಊಟದ ಹೊತ್ತಿಗೆಲ್ಲಾ ಮುಗಿದೇ ಹೋಯಿತು. ಎಳೇ ಬೇವಿನ ಸೊಪ್ಪು ಆಟೋದ ಮೇಲೆ ಗೋಪುರದಷ್ಟು ಎತ್ತರಕ್ಕೆ ಕೂತಿತ್ತು. ಅದನ್ನು ನೋಡಿ ಕ್ಯಾತಣ್ಣನಿಗೆ ಎಂದಿನ ಹಾಗೇ ಖುಷಿಯಾಯಿತು.

"ಎಲ್ಲಿಗೆ ಹೊಡೀಲಿ?" ಅಂತ ರಾಮಾಂಜನೇಯ ಗಾಡಿ ಸ್ಟಾರ್ಟ್ ಮಾಡಿದ.

"ಇನ್ನೆಲ್ಲಿಗ್ಲೇ, ಹಟ್ಟಿಗೆ."

"ಹಟ್ಟಿಯಾಗೆ ಯಾರು ತಿಂತಾರೆ? ನೀನಾ, ಕೆಂಚಕ್ಕನಾ?"

ಕೆಂಚಕ್ಕನ ಬೇಲಿ ಖಾಲಿ. ಹಟ್ಟಿಯ ಬೇರೆಯವರವು ಕುರಿ, ಅವೂ ಮೇವು ಹುಡುಕಿಕೊಂಡು ದೂರ ಹೋಗಿದ್ದವು. ಕ್ಯಾತಣ್ಣ ಆಟೋದ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಇಷ್ಟು ದಿನ ಅಂಕಿ ಎಲ್ಲಿಂದ ಉದುರುತ್ತಿತ್ತು ಅನ್ನುವುದು ಈಗ ಗೊತ್ತಾಯಿತು. ಅವನು ಮರ ನೋಡಿ ರೇಟು ಹೇಳಿದ್ದೇ ಇಲ್ಲ. ಮೇಕೆಯ ಬಾಯಿ ನೋಡಿ ಹೇಳುತ್ತಿದ್ದ. ಬೇವು, ಆಲ, ಬನ್ನಿಗೆ ಸೊಪ್ಪೇ ಕೂಲಿ, ದುಡ್ಡು ಮೇಲಿನ ಕಾಣಿಕೆ. ಮೇಕೆ ಮೂಸಿಯೂ ನೋಡದ ನೀಲಗಿರಿಗೆ ಮಾತ್ರ ಪೂರ್ತಿ ದುಡ್ಡು. ಮಿಷನ್ನಿಗಾಗಿ ಮೇಕೆ ಮಾರಿದ, ರೇಟು ಮಾತ್ರ ಮೇಕೆ ಇದ್ದಾಗಿನದನ್ನೇ ಹೇಳಿದ! ಪೆಟ್ರೋಲು, ಆಯಿಲ್ಲು, ಆಟೋದ ಖರ್ಚು ಕಳೆದರೆ ಆರುನೂರರಲ್ಲಿ ಕೈಗೆ ಬರುವುದು ಬೇವಿನ ಕಹಿಯೊಂದೇ. ಮೇಡಂ ಹತ್ತಿರ ಹೋಗಿ ಇನ್ನಷ್ಟು ಕೊಡ್ರಿ ಅನ್ನಲು ಯಾವ ಬಾಯಿ ಇದೆ?

ಸೊಪ್ಪು ರಸ್ತೆ ಬದಿಗೆ ಸುರಿಯಲು ಮನಸ್ಸು ಬರಲಿಲ್ಲ. ಹಟ್ಟಿಗೇ ತಂದರು. ಕೆಂಚಕ್ಕ ಹೊರಗೆ ಬಂದು ಆಟೋ ನೋಡಿದಳು, ಗಂಡನ ಮುಖ ನೋಡಿದಳು. ಅವನು ಎಲ್ಲಾ ಹೇಳಿದ. ಮುಚ್ಚಿಡುವ ಬುದ್ಧಿ ಅವನಿಗೆ ಮೊದಲಿಂದಲೂ ಇಲ್ಲ.

ಅವಳು ಸಿಟ್ಟಾಗಲಿಲ್ಲ. ಒಂದು ಎಸಳು ಸೊಪ್ಪು ಕಿತ್ತು, ಬಾಡಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, "ಮುರುಗೇಶನ ಶೆಡ್ಡಿಗೆ ಹೋಗಾಣ ನಡಿ" ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಮೊದಲು ಹತ್ತಿ ಕೂತಳು. ರಾಮಾಂಜನೇಯ ಡೀಸೆಲ್ಲಿನ ಮುಳ್ಳು ನೋಡಿಕೊಂಡು ಗಾಡಿ ತಿರುಗಿಸಿದ.

ಶೆಡ್ಡಿನ ಹತ್ತಿರ ಆಟೋ ನಿಂತು ಕೆಂಚಕ್ಕ "ಹಾ... ಬಾ ಬಾ" ಅಂದದ್ದೇ ತಡ, ಒಳಗಿದ್ದ ಮೇಕೆಗಳೆಲ್ಲಾ ಒಟ್ಟಿಗೆ ಅರಚಿಕೊಂಡವು. ಮುರುಗೇಶನದು ತೆಲುಗು ಬೆರೆತ ಮಾತು, ಸೊಪ್ಪಿನ ರಾಶಿ ನೋಡಿ ಕಣ್ಣರಳಿಸಿದ. "ಏಮಣ್ಣಾ, ಎಷ್ಟು ಎಳೇದೈತೆ! ನಾನು ದಿನಾ ದುಡ್ಡು ಸುರಿದು ಮೇವು ತರಿಸ್ತೀನಿ. ಎಂತ ಚೆಪ್ಪು, ಎಷ್ಟು ಹೇಳ್ತೀಯ?"

ಮತ್ತೆ ಅದೇ ಪ್ರಶ್ನೆ. ಆದರೆ ಈ ಸಲ ಕ್ಯಾತಣ್ಣ ಮುಖ ಒರೆಸಿಕೊಳ್ಳಲಿಲ್ಲ. "ದುಡ್ಡು ಬ್ಯಾಡ ಮುರುಗೇಶ. ತಿಂಗಳೆಲ್ಲಾ ಸೊಪ್ಪು ತಂದ್ಹಾಕ್ತೀನಿ. ನನ್ ಹೆಂಡ್ತಿಗೆ ಅವಳ ಒಂದು ಮೇಕೆ ವಾಪಸ್ ಕೊಟ್ಟುಬಿಡು."

ಮುರುಗೇಶ್ ಲೆಕ್ಕ ಹಾಕಿದ, ತಲೆ ಆಡಿಸಿದ. "ಸರೇ. ಒಂದು. ಆರಿಸ್ಕೋ ಅಕ್ಕಾ."

ಕೆಂಚಕ್ಕ ಒಳಗೆ ಹೋದಳು. ಮೇಕೆಗಳು ಅವಳ ಸೆರಗು ಜಗ್ಗಿದವು, ಕೈ ನೆಕ್ಕಿದವು. ಒಂದರ ಕಿವಿ ಹಿಡಿದಳು, ಬಿಟ್ಟಳು. ಇನ್ನೊಂದರ ಬೆನ್ನು ಸವರಿದಳು. ಕ್ಯಾತಣ್ಣ ಹೊರಗೆ ನಿಂತು ಯಾವುದನ್ನು ತರುತ್ತಾಳೋ ಅಂತ ಕಾದ. ತುಂಬಾ ಹೊತ್ತಾಯಿತು. ಕೊನೆಗೆ ಅವಳು ಬರಿಗೈಯಲ್ಲಿ ಹೊರಗೆ ಬಂದು ಬಾಗಿಲಿಗೆ ಅಗುಳಿ ಹಾಕಿದಳು.

"ಒಂದನ್ನ ಒಯ್ದು ಏನ್ ಮಾಡ್ಲಿ? ಒಂಟಿಯಾದ್ರೆ ಅರಚಿ ಅರಚಿ ಸಾಯ್ತೈತೆ. ಎಲ್ಲಾ ಒಟ್ಟಿಗೇ ಇರ್ಲಿ ಬಿಡು," ಅಂದಳು. ಆಮೇಲೆ ಮುರುಗೇಶನ ಕಡೆ ತಿರುಗಿ, "ದುಡ್ಡೇ ಕೊಡಪ್ಪ. ಈ ಲೋಡಿಗೆ ಸಾವಿರದಿನ್ನೂರು."

ಮುರುಗೇಶ್ ಒಂದು ಮಾತೂ ಚೌಕಾಸಿ ಮಾಡದೆ ಎಣಿಸಿ ಕೊಟ್ಟ. "ಹಬ್ಬದ ತನಕ ದಿನಾ ತಂದ್ರೂ ತಗೊಂತೀನಿ ಅಕ್ಕಾ" ಅಂದ. ಜೀವ ಪಣಕ್ಕಿಟ್ಟು ಕೊಯ್ದ ಮರಕ್ಕೆ ತಾನು ಕೇಳಿದ್ದರ ಎರಡರಷ್ಟು ಬರೀ ಸೊಪ್ಪಿಗೆ ಸಿಕ್ಕಿತಲ್ಲ ಅಂತ ಕ್ಯಾತಣ್ಣ ಬೆಪ್ಪಾಗಿ ನಿಂತ. ಗೆದ್ದೆನೋ ಸೋತೆನೋ ಒಂದೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ಮೊಳಕಾಲ್ಮೂರಿನ ಬೆಟ್ಟದ ಕಡೆ ಬಿಸಿಲು ಇಳಿಯುತ್ತಿತ್ತು. ಕೆಂಚಕ್ಕ ಕೇಳಿದಳು, "ನಾಳೆ ಬೇವಿನ ಮರ ಯಾವುದಾದ್ರೂ ಐತಾ?"

"ಯಾಕೆ?"

"ಇದ್ರೆ ನಾನೂ ಬರ್ತೀನಿ. ಮೇಕೆಗೆ ಸೊಪ್ಪು ನಾನೇ ಹಾಕಿ ಬರ್ತೀನಿ."

ನಾಳೆಗೆ ಇದ್ದದ್ದು ಒಂದೇ ಕೆಲಸ, ನಾಯಕನಹಟ್ಟಿಯಲ್ಲಿ ಒಂದು ಒಣಗಿದ ತೆಂಗಿನ ಮರ. ಅದರಲ್ಲಿ ಹಸಿರು ಅನ್ನುವ ಒಂದು ಗರಿಯೂ ಇರಲಿಲ್ಲ.

"ಐತೆ," ಅಂದ ಕ್ಯಾತಣ್ಣ.

ರಾಮಾಂಜನೇಯ ಒಮ್ಮೆ ತಿರುಗಿ ಅವನ ಮುಖ ನೋಡಿದ. ಆಮೇಲೆ ದಾರಿಬದಿಯ ಬೇವಿನ ಮರಗಳನ್ನು ನೋಡುತ್ತಾ ಗಾಡಿ ಓಡಿಸಿದ.