ಮುಂದಿನ ಗಾಲಿಯ ಸಾಕ್ಷಿ

ಇದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಪ್ರಮಾಣ ಮಾಡಲಾರೆ. ಒಂದು ಕಾರು ಇತ್ತು, ಅದು ನಿಜ. ಅದರ ನಾಲ್ಕೂ ಗಾಲಿಗಳಿಗೆ ಇಂಜಿನ್ನಿನ ಬಲ ಹೋಗುತ್ತಿತ್ತು, ಆಮೇಲೆ ಹಿಂದಿನ ಎರಡಕ್ಕೆ ಮಾತ್ರ ಹೋಗತೊಡಗಿತು, ಅದೂ ನಿಜ. ಈ ಎರಡು ನಿಜಗಳ ನಡುವೆ ರಾಣೆಬೆನ್ನೂರಿನ ಒಂದು ಗ್ಯಾರೇಜಿನಲ್ಲಿ ಯಾರು ಏನು ಹೇಳಿದರು, ಯಾರ ತಲೆ ಓಡಿತು ಎಂಬುದನ್ನು ಹದಿನೈದು ವರ್ಷಗಳಿಂದ ನಾನು ಒಂದು ರೀತಿ ಹೇಳುತ್ತ ಬಂದಿದ್ದೇನೆ. ನನ್ನ ಸೋದರಮಾವನ ಮಗ ಮಲ್ಲು ಇನ್ನೊಂದು ರೀತಿ ಹೇಳುತ್ತ ಬಂದಿದ್ದಾನೆ.

ಕಳೆದ ವಾರ ಹಾವೇರಿಯಲ್ಲಿ ನನ್ನ ಸ್ಕೂಟರು ರಿಪೇರಿಗೆ ಕೊಟ್ಟು ಸ್ಟೂಲಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಯಾರದೋ ಟೆಂಪೋದ ಗೇರ್‌ಬಾಕ್ಸ್ ಬಿಚ್ಚಿದರು. ಹಳೆಯ ಗೇರ್ ಎಣ್ಣೆಯ ವಾಸನೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದಿದ್ದರೆ, ಕೊಳೆತ ಉಳ್ಳಾಗಡ್ಡಿಗೆ ಗಂಧಕದ ಒಗ್ಗರಣೆ ಕೊಟ್ಟಂತೆ ಎಂದುಕೊಳ್ಳಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ರಾಣೆಬೆನ್ನೂರಿನ ಹುಸೇನಸಾಬರ ಗ್ಯಾರೇಜಿನ ಬೇವಿನ ಮರದ ಕೆಳಗೆ ಗೋಣಿಚೀಲದ ಮೇಲೆ ಕೂತಿದ್ದೆ. ಬೇವಿನ ಮರವೇ ಹೌದೇ? ಈಗ ಬರೆಯುವಾಗ ಹುಣಸೆ ಮರವಿರಬಹುದು ಅನಿಸುತ್ತಿದೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದರಿಂದ ನನಗೆ ಆದ ಒಂದೇ ಲಾಭವೆಂದರೆ ಇದು: ಯಾರು ಏನು ಹೇಳಿದರೂ ಪುರಾವೆ ಕೇಳುವುದು. ನಷ್ಟವೂ ಅದೇ. ಮದುವೆ ಮನೆಗಳಲ್ಲಿ ನನ್ನ ಪಕ್ಕದ ಎಲೆ ಎಲ್ಲಕ್ಕಿಂತ ಕೊನೆಗೆ ತುಂಬುತ್ತದೆ.

ಕಾರಿನ ವಿಷಯಕ್ಕೆ ಬರುತ್ತೇನೆ. ಮಲ್ಲುವಿನ ಮನೆ ಬ್ಯಾಡಗಿಯಲ್ಲಿ. ಮಾವನದು ಮೆಣಸಿನಕಾಯಿ ವ್ಯಾಪಾರ. ಮಲ್ಲು ಒಂದು ದಿನ ಗೋವಾಕ್ಕೆ ಹೋದವನು ಜಪಾನಿನ ಒಂದು ಹಳೆಯ ಓಟದ ಕಾರು ಹೊಡೆದುಕೊಂಡು ಬಂದ. ಟರ್ಬೋ ಇತ್ತು, ಅಂದರೆ ಹೊರಗೆ ಹೋಗುವ ಹೊಗೆಯೇ ಒಂದು ಪಂಖ ತಿರುಗಿಸಿ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಏರ್ಪಾಡು. ಮೇಲಾಗಿ ನಾಲ್ಕೂ ಗಾಲಿಗಳಿಗೆ ಬಲ. ಕಂಪನಿಯ ಹೆಸರು ನೆನಪಿದೆ, ಹೇಳುವುದಿಲ್ಲ; ಹೇಳಿದರೆ ಗೊತ್ತಿದ್ದವರು ಪತ್ರ ಬರೆದು ನನ್ನನ್ನು ತಿದ್ದುತ್ತಾರೆ. ನನ್ನ ನೆನಪಿನಲ್ಲಿ ಅದು ಕೆಂಪು ಕಾರು. ಮಲ್ಲು ನೀಲಿ ಎನ್ನುತ್ತಾನೆ. ಬ್ಯಾಡಗಿಯಲ್ಲಿ ಕಂಡದ್ದೆಲ್ಲ ನನಗೆ ಕೆಂಪಾಗಿಯೇ ನೆನಪಾಗುವುದರಿಂದ ಈ ಒಂದು ವಿಷಯದಲ್ಲಿ ಅವನ ಮಾತನ್ನು ಒಪ್ಪಿದ್ದೇನೆ.

ಮಾವ ಅಂಗಡಿಯಿಂದ ಹೊರಗೆ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಇಡೀ ಜಪಾನನ್ನು ಒಂದೇ ಪ್ರಶ್ನೆಯಲ್ಲಿ ಮಲಗಿಸಿದರು.

"ಎಷ್ಟ್ ಚೀಲ ಹಿಡೀತಾವಲೇ ಇದರಾಗ?"

"ಅಪ್ಪಾ, ಇದು ಚೀಲಾ ಹೇರೋ ಗಾಡಿ ಅಲ್ಲ. ನಾಕೂ ಗಾಲಿ ಎಳಿತಾವ ಇದಕ್ಕ!"

"ಎಳಿತಾವಂದ್ರ ಏನರ ಎಳದು ತೋರಸು."

ಮಾವ ಮಾತಿಗೆ ಹೇಳಿದ್ದು. ಆದರೆ ಮಗನ ಎದೆಗೆ ಅದು ನಾಟಿತು. ಮುಂದಿನ ವಾರವೇ ಅಗಡಿಯ ಹತ್ತಿರ ಮಾವನ ಸರಕು ಹೇರಿದ್ದ ಟ್ರ್ಯಾಕ್ಟರಿನ ಟ್ರೇಲರ್ ಕೆಸರಿನಲ್ಲಿ ಹೂತಿತು. ಮಲ್ಲು ಓಟದ ಕಾರಿಗೆ ಎತ್ತಿನ ಹಗ್ಗ ಕಟ್ಟಿ ಟ್ರೇಲರ್ ಎಳೆಯಲು ನಿಂತ. ಜಗತ್ತಿನಲ್ಲಿ ಈ ಕಾರು ಎಲ್ಲೆಲ್ಲಿ ಏನೇನು ಮಾಡಿದೆಯೋ, ಮೆಣಸಿನಕಾಯಿ ಟ್ರೇಲರಿಗೆ ಕೊರಳೊಡ್ಡಿದ್ದು ನಮ್ಮ ಜಿಲ್ಲೆಯಲ್ಲಿ ಮಾತ್ರ ಇರಬೇಕು. ಟ್ರೇಲರ್ ಒಂದು ಮೊಳ ಸರಿಯಿತಂತೆ. ಆಮೇಲೆ ಕಾರಿನ ಮುಂಭಾಗದಲ್ಲಿ ಕಬ್ಬು ಮುರಿದ ಹಾಗೆ ಎರಡು ಸಲ ಸದ್ದಾಯಿತು. ಮುಂದಿನ ಗಾಲಿಗಳಿಗೆ ಬಲ ಒಯ್ಯುವ ಎರಡೂ ಎಕ್ಸಲ್ ಹೋದವು. ಬದಲಿ ಎಕ್ಸಲ್ ಜಪಾನಿನಿಂದ ಬರಬೇಕು, ಬಂದರೆ.

ಆಗ ಮಾವ ತೀರ್ಪು ಕೊಟ್ಟರು. ಈ ಮಾತು ನನಗೆ ಸರಿಯಾಗಿ ನೆನಪಿದೆ, ಏಕೆಂದರೆ ಮಲ್ಲು ಕೂಡ ಇದನ್ನು ಹೀಗೆಯೇ ಹೇಳುತ್ತಾನೆ.

"ಸೋಮವಾರ ಪ್ಯಾಟಿ ಐತಿ. ಅವತ್ತು ಈ ಗಾಡಿ ತನ್ನ ಕಾಲಮ್ಯಾಲೆ ಬಂದು ಅಂಗಡಿ ಮುಂದ ನಿಲ್ಲಬೇಕು. ನಾನ ಒಳಗ ಕುಂತು ಬರತೇನಿ. ಎಲ್ಲಿ ನಿಂತಿತೋ ಅಲ್ಲೇ ಗುಜರಿಯವ್ನ ಕರೀತೇನಿ."

ಮಾವ ಆಡಿದ ಮಾತು ತಪ್ಪುವವರಲ್ಲ. ಮಲ್ಲುವಿಗೆ ಎರಡು ದಿನ ಅನ್ನ ಸೇರಲಿಲ್ಲ. ಅವನು ಆ ಕಾರನ್ನು ತೊಳೆಯುವುದನ್ನು ನೀವು ನೋಡಬೇಕಿತ್ತು. ಮೊದಲು ತನ್ನ ಕೈ ತೊಳೆದುಕೊಳ್ಳುತ್ತಿದ್ದ. ಶುಕ್ರವಾರ ಅದೇ ಟ್ರ್ಯಾಕ್ಟರು ಕಾರನ್ನು ಎಳೆದುಕೊಂಡು ರಾಣೆಬೆನ್ನೂರಿಗೆ ಹೊರಟಿತು. ರಜೆಗೆ ಬಂದಿದ್ದ ನಾನು ಸಲಹೆಗಾರನಾಗಿ ಜೊತೆಗೆ ಹೊರಟೆ. ನನ್ನನ್ನು ಯಾರೂ ಕರೆದಿರಲಿಲ್ಲ.

ಹುಸೇನಸಾಬರದು ಮೇಡ್ಲೇರಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಗ್ಯಾರೇಜು. ತೆಳ್ಳಗಿನ ಆಳು, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ಕಾರಿನ ಕೆಳಗೆ ತೂರಿ ಹತ್ತು ನಿಮಿಷ ಮಲಗಿದ್ದರು. ನಿದ್ದೆ ಹೋದರೇನೋ ಎಂದುಕೊಂಡೆವು. ಹೊರಗೆ ಬಂದು ಹೇಳಿದರು:

"ಮಲ್ಲಣ್ಣ, ನಾಕ ಗಾಲಿ ಎಳಿಯೂ ಆಸೆ ಬಿಡು. ಟ್ರ್ಯಾಕ್ಟರ್ ಏನ್ ಮಾಡತೈತಿ? ಹಿಂದಿನ ಗಾಲಿ ದುಡಿತಾವ, ಮುಂದಿನವು ದಾರಿ ತೋರಸತಾವ. ಇದನ್ನೂ ಹಂಗ ಮಾಡೂಣು."

ಇಲ್ಲಿಂದ ನನ್ನ ಪಾತ್ರ ಶುರುವಾಗುತ್ತದೆ. ಕೆಲಸ ಕ್ರಮಬದ್ಧವಾಗಿ ಆಗಬೇಕು ಎಂದು ನಾನು ಒಂದು ಪದ್ಧತಿ ಜಾರಿಗೆ ತಂದೆ. ಮಾವನ ಅಂಗಡಿಯಲ್ಲಿ ಚೀಲಗಳ ಮೇಲೆ ಗುರುತು ಬರೆಯಲು ಒಂದು ಹಸಿರು ಬಣ್ಣ ಇರುತ್ತಿತ್ತು. ಕೆಂಪು ಧೂಳಿನ ನಡುವೆ ಎದ್ದು ಕಾಣುವುದು ಅದೊಂದೇ ಎಂದು ಮಾವನ ವಾದ. ಅದರದೊಂದು ಡಬ್ಬಿ ಕಾರಿನ ಡಿಕ್ಕಿಯಲ್ಲಿತ್ತು. ಏನನ್ನೂ ಬಿಚ್ಚುವ ಮೊದಲೇ ನಾನು ಕುಂಚ ಹಿಡಿದು ಕಾರಿನ ಕೆಳಗೆ ತೂರಿ, ಮುಂದೆ ಉಳಿಯಬೇಕಾದ ಭಾಗಗಳ ಮೇಲೆ 'ಬೇಕು', ಹೋಗಬೇಕಾದವುಗಳ ಮೇಲೆ 'ಬೇಡ' ಎಂದು ಬರೆದೆ. ನನ್ನ 'ಡ' ಅಕ್ಷರಕ್ಕೆ ಒಂದು ಉದ್ದ ಬಾಲ ಬರುತ್ತದೆ. ಅದಕ್ಕಾಗಿ ಶಾಲೆಯಲ್ಲಿ ಏಟು ತಿಂದಿದ್ದೇನೆ. ಹುಸೇನಸಾಬರು ನೋಡಿ ನಕ್ಕರು. "ಬರೀರಿ ಮಾಸ್ತರ, ಬರೀರಿ. ಕಾರಿಗೂ ಸಾಲಿ ಕಲಿಸ್ರಿ."

ಮುಂದಿನ ಎಕ್ಸಲ್‌ಗಳ ಒಳಭಾಗ ತೆಗೆದಾಯಿತು. ಶನಿವಾರ ಮಧ್ಯಾಹ್ನ ಮಲ್ಲು ಕಾರು ಚಾಲೂ ಮಾಡಿ ಗೇರು ಹಾಕಿದ. ಇಂಜಿನ್ ಗರ್ಜಿಸಿತು, ಟರ್ಬೋ ಸಿಳ್ಳೆ ಹೊಡೆಯಿತು, ಮರದ ಮೇಲಿನ ಕಾಗೆಗಳೆಲ್ಲ ಹಾರಿದವು. ಕಾರು ಮಾತ್ರ ಒಂದು ಅಂಗುಲವೂ ಸರಿಯಲಿಲ್ಲ.

ರಿಪೇರಿಗೆ ಬಂದಿದ್ದ ರೈತರೊಬ್ಬರು ಬೀಡಿ ಹಚ್ಚುತ್ತ, "ಸಪ್ಪಳಾ ಮಸ್ತ್ ಐತಿ. ಹೊಲದಾಗ ಹಕ್ಕಿ ಓಡಸಾಕ ಬಿಡ್ರಿ" ಅಂದರು.

ಮಲ್ಲು ಸ್ಟೀರಿಂಗಿನ ಮೇಲೆ ಹಣೆ ಇಟ್ಟ. ನಾನು ನೆಲದ ಮೇಲೆ ಚಿತ್ರ ಬರೆಯತೊಡಗಿದೆ. ಪರೀಕ್ಷೆಯಲ್ಲಿ ಈ ಯಂತ್ರದ ಲೆಕ್ಕ ಬಿಡಿಸಿ ಒಳ್ಳೆಯ ಅಂಕ ತೆಗೆದವನು ನಾನು. ಚಿತ್ರ ಮುಗಿಯುವಷ್ಟರಲ್ಲಿ ಹುಸೇನಸಾಬರು ಹಣೆಗೆ ಕೈ ಬಡಿದುಕೊಂಡರು.

"ನಂದ ತಪ್ಪು! ಒಂದ ಎತ್ತು ಬಿಚ್ಚಿ ಬಂಡಿ ಹೊಡಿಯಾಕತ್ತೇವಿ. ಇನ್ನೊಂದ ಎತ್ತು ಎಳೀತೈತಿ ಖರೇ, ಆದ್ರ ನೊಗಾ ಗಿರ್ರಂತ ತಿರಗತೈತಿ, ಬಂಡಿ ನಿಂತಲ್ಲೇ. ನೊಗಾ ತಿರಗದಂಗ ಬಿಗೀಬೇಕು."

ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಬಲ ಹಂಚುವ ಒಂದು ಗೇರಿನ ಉಂಡೆ ಗೇರ್‌ಬಾಕ್ಸಿನಲ್ಲಿರುತ್ತದೆ. ಮುಂದೆ ತಡೆಯುವವರು ಯಾರೂ ಇಲ್ಲದ್ದರಿಂದ ಬಲವೆಲ್ಲ ಅತ್ತಲೇ ಹರಿದು ವ್ಯರ್ಥವಾಗುತ್ತಿತ್ತು. ಆ ಉಂಡೆಯನ್ನು ವೆಲ್ಡಿಂಗ್ ಮಾಡಿ ಗಟ್ಟಿ ಮಾಡಿಬಿಟ್ಟರೆ ಬಲ ಹಿಂದಕ್ಕೆ ಹೋಗಲೇಬೇಕು. ಗೇರ್‌ಬಾಕ್ಸ್ ಬಿಚ್ಚಿದರು. ನಾನು ಹೇಳಿದ ವಾಸನೆ ಆಗ ಬಂದದ್ದು. ವೆಲ್ಡಿಂಗ್ ಕಡ್ಡಿ ಹಿಡಿದು ಹುಸೇನಸಾಬರು ಮಲ್ಲುವಿನ ಮುಖ ನೋಡಿದರು.

"ಒಮ್ಮೆ ಬೆಸದ್ರ ಬಿಚ್ಚಾಕ ಬರಾಂಗಿಲ್ಲ, ತಮ್ಮಾ. ನಾಳೆ ಜಪಾನಿಂದ ಸಾಮಾನ ಬಂತಂದ್ರೂ ಇದು ನಾಕ ಗಾಲಿ ಗಾಡಿ ಆಗೂದಿಲ್ಲ. ವಿಚಾರ ಮಾಡು."

ಮಲ್ಲು ಸ್ವಲ್ಪ ಹೊತ್ತು ಆ ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದ. "ಅರ್ಧಾ ಉಳದ್ರೂ ನಂದ ಅಲ್ಲೇನ್ರಿ ಚಾಚಾ? ಮಾಡ್ರಿ," ಅಂದ.

ಇಷ್ಟರವರೆಗೆ ಮಲ್ಲುವಿಗೂ ನನಗೂ ಜಗಳವಿಲ್ಲ. ಜಗಳ ಇರುವುದು ಭಾನುವಾರದ ಬಗ್ಗೆ.

ನನ್ನ ಕಥೆ ಹೀಗಿದೆ. ಗಾಲಿಯೊಳಗೆ ಉಳಿದಿದ್ದ ಎಕ್ಸಲ್ಲಿನ ಹೊರತುದಿಗಳನ್ನೂ ಕಿತ್ತೊಗೆಯಲು ಎಲ್ಲರೂ ಸಿದ್ಧರಾಗಿದ್ದರು. ಆಗ ನಾನು ಎದ್ದು ನಿಂತು, "ತಾಳಿ, ಗಾಲಿಯ ಬೇರಿಂಗನ್ನು ಬಿಗಿದು ಹಿಡಿದಿರುವುದೇ ಆ ತುದಿ, ಅದಕ್ಕೆ 'ಬೇಕು' ಎಂದು ಬರೆದಿದ್ದೇನೆ ನೋಡಿ" ಅಂದೆ. ಹೀಗೆ ಮಾವನ ಜೀವ ಉಳಿಯಿತು. ಈ ಕಥೆಯನ್ನು ನಾನು ಮೂರು ಮದುವೆಗಳಲ್ಲಿ ಹೇಳಿದ್ದೇನೆ. ಕಾಲೇಜಿನಲ್ಲಿ ಪಾಠ ಮಾಡುವಾಗ ಪ್ರತಿವರ್ಷ ಹೇಳುತ್ತೇನೆ. ಹೇಳುವಾಗ ನನ್ನ ಹಸಿರು ಅಕ್ಷರಗಳು ಕಣ್ಣಿಗೆ ಕಟ್ಟುತ್ತವೆ.

ಮಲ್ಲು ಹೇಳುವುದು ಬೇರೆ. ಕಿತ್ತೊಗೆಯಿರಿ, ಸುಮ್ಮನೆ ಭಾರ ಎಂದವನು ನಾನಂತೆ. ಹುಸೇನಸಾಬರು ತಲೆ ಎತ್ತದೆ ಕೇಳಿದರಂತೆ: "ತೆಗದ್ರ ಗಾಲಿ ಯಾರ ಹಿಡಕೋತಾರ್ರಿ ಮಾಸ್ತರ? ನೀವ ಬಾಜೂಕ ಓಡಕೋತ ಬರ್ತೀರೇನು?"

ತುದಿಗಳು ಉಳಿದದ್ದಂತೂ ನಿಜ. ಹುಸೇನಸಾಬರು ಅವುಗಳಿಗೆ ಗ್ರೀಸು ಮೆತ್ತಿ, ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಸುತ್ತಿ, ಮಣ್ಣು ಹೋಗದ ಹಾಗೆ ತಂತಿಯಿಂದ ಬಿಗಿದರು.

ಸೋಮವಾರ ಬೆಳಿಗ್ಗೆ ಮಾವ ಬಸ್ಸಿಗೆ ರಾಣೆಬೆನ್ನೂರಿಗೆ ಬಂದು, ಕಾರಿನ ಮುಂದಿನ ಸೀಟಿನಲ್ಲಿ ಕೋರ್ಟಿಗೆ ಹೊರಟವರಂತೆ ಕೂತರು. ನಾನು ಹಿಂದೆ. ಹೆದ್ದಾರಿಗುಂಟ ಮೋಟೆಬೆನ್ನೂರಿನವರೆಗೆ ಮಲ್ಲು ನಿಧಾನವಾಗಿಯೇ ಹೊಡೆದ. ಬ್ಯಾಡಗಿಯ ರಸ್ತೆಗೆ ಹೊರಳಿದ ಮೇಲೆ ಮಾವ ಒಂದು ಸಲ, "ಲಗೂ ಹೊಡಿ, ಪ್ಯಾಟಿ ಸುರು ಆಗೈತಿ" ಅಂದರು. ಇದನ್ನು ಮಲ್ಲು ಅಪ್ಪಣೆ ಎಂದು ತಿಳಿದ. ಅಂಗಡಿಯ ಮುಂದೆ ನೆಲದ ತುಂಬ ಒಣ ಮೆಣಸಿನಕಾಯಿ ಚೆಲ್ಲಿತ್ತು. ಮಲ್ಲು ಸ್ಟೀರಿಂಗ್ ತಿರುಗಿಸಿದ್ದೇ ತಡ, ಈಗ ದುಡಿಯಲು ಕಲಿತಿದ್ದ ಹಿಂದಿನ ಗಾಲಿಗಳು ಆ ಕಾಯಿಗಳ ಮೇಲೆ ಜಾರಿ, ಇಡೀ ಕಾರು ಬಾಲ ಬೀಸಿ ಅರ್ಧ ಸುತ್ತು ತಿರುಗಿ, ಸರಿಯಾಗಿ ಅಂಗಡಿಯ ಕಟ್ಟೆಗೆ ಸಮನಾಗಿ ನಿಂತಿತು. ಮೆಣಸಿನಕಾಯಿ ಪುಡಿ ಮೋಡದಂತೆ ಎದ್ದಿತು. ಹಮಾಲರು, ದಲಾಲರು, ಎಲ್ಲರೂ ಸೀನತೊಡಗಿದರು. ಆ ಸೀನುಗಳ ನಡುವೆ ಮಾವ ನಿಧಾನವಾಗಿ ಇಳಿದು, ಟೋಪಿ ಸರಿಮಾಡಿಕೊಂಡು, ತಾವೂ ಎರಡು ಸಲ ಸೀನಿ, ಹೇಳಿದರು:

"ಇದು ಗಾಡಿ ಅಲ್ಲಲೇ, ಹಬ್ಬದ ಹೋರಿ! ಇರ್ಲಿ. ಕಟ್ಟು ಮನ್ಯಾಗ."

ನಮ್ಮ ಕಡೆ ದೀಪಾವಳಿಯ ಹೋರಿ ಓಟದಲ್ಲಿ ಯಾರ ಕೈಗೂ ಸಿಗದೆ ಓಡುವ ಹೋರಿಗಿಂತ ದೊಡ್ಡ ಬಿರುದಿಲ್ಲ. ಮಲ್ಲು ಅತ್ತ. ಖಾರಕ್ಕೆ ಎಂದು ಈಗಲೂ ಹೇಳುತ್ತಾನೆ. ಅದಕ್ಕೆ ನಾನು ಪುರಾವೆ ಕೇಳಿಲ್ಲ.

ಹಾವೇರಿಯ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಹದಿನೈದು ವರ್ಷ ಇಬ್ಬರೂ ವಾದ ಮಾಡಿದ್ದೇವೆ. ಸಾಕ್ಷಿ ಮಾತ್ರ ಬ್ಯಾಡಗಿಯಲ್ಲಿ ಟ್ಯೂಬು ಸುತ್ತಿಕೊಂಡು ಕೂತಿದೆ. ಜಗತ್ತಿಗೆಲ್ಲ ಪುರಾವೆ ಕೇಳುವ ನಾನು ಅದರ ಕಡೆ ಒಮ್ಮೆಯೂ ಹೋಗಿರಲಿಲ್ಲ. ಯಾಕೆ ಹೋಗಿರಲಿಲ್ಲ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಮೊದಲೇ ಎದ್ದು ಬಸ್ಸು ಹತ್ತಿದೆ.

ಕಾರು ಈಗ ಬೂದು ಬಣ್ಣ ಬಳಿಸಿಕೊಂಡು ಗೋದಾಮಿನ ಪಕ್ಕದ ಶೆಡ್ಡಿನಲ್ಲಿದೆ. ವರ್ಷಕ್ಕೆ ನಾಲ್ಕಾರು ಸಲ ಓಡುತ್ತದೆ. ಮಲ್ಲು ನನ್ನ ಮಾತು ಕೇಳಿ ಹೊಟ್ಟೆ ಹಿಡಿದು ನಕ್ಕ, ಆದರೂ ಜಾಕಿ ತಂದು ಹಾಕಿದ. ಮಾವ ಕುರ್ಚಿ ತರಿಸಿಕೊಂಡು ಕೂತರು. "ಅಳಿಯಾ, ನನ್ನ ಜೀವಾ ಉಳಿಸಿದವ್ರು ಯಾರಂತ ನನಗೂ ಗೊತ್ತಾಗಬೇಕು. ಇಷ್ಟ ವರ್ಷ ನಿನಗ ಹೋಳಿಗಿ ಹಾಕೇನಿ."

ಬಲಗಡೆಯ ಗಾಲಿ ಬಿಚ್ಚಿ ಒಳಗೆ ಕೈ ಹಾಕಿದೆ. ಅದೇ ತಂತಿ, ಅದೇ ಟ್ಯೂಬು, ಅದೇ ಗಂಟು. ರಬ್ಬರು ಪುಡಿಯಾಗಿ ಬಂತು. ಕರಿ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಬ್ಯಾಟರಿ ಹಿಡಿದೆ. ಹಸಿರು ಬಣ್ಣ, ಉದ್ದ ಬಾಲದ ಅಕ್ಷರ: 'ಬೇಡ'.

ಕಾರಿನ ಕೆಳಗೆ ಮಲಗಿದ್ದಲ್ಲೇ ಅದನ್ನು ಇನ್ನೊಮ್ಮೆ ಒರೆಸಿ ಓದಿದೆ. ನನ್ನ ಕಣ್ಣಿಗೆ ಕಟ್ಟಿದ್ದ 'ಬೇಕು' ಎಲ್ಲಿಂದ ಬಂದಿತ್ತು? ಈ ಕಥೆ ಹೇಳಿದ ಮೊದಲನೆಯ ಮದುವೆಯಲ್ಲಿ ಹೋಳಿಗೆಯ ಜೊತೆ ಬಂದಿರಬೇಕು. ವಿಚಿತ್ರವೆಂದರೆ ನನಗೆ ನಗು ಬರುತ್ತಿತ್ತು. ಹುಸೇನಸಾಬರಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವರಿಗೆ ಈಗ ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ, "ಅದಕ್ಕ ಮ್ಯಾಲೆ ಟ್ಯೂಬ್ ಸುತ್ತಿದ್ದೆ, ಮಾಸ್ತರ. ನಿಮ್ಮ ಮಾವ ಸಾವ್ಕಾರ್ರು ಬಗ್ಗಿ ಓದಿದ್ರ ನಿಮ್ಮ ಮರ್ಯಾದಿ ಹೋಗತಿತ್ತಲ್ಲ," ಅಂದರು. ಮಣ್ಣು ಹೋಗದಿರಲಿ ಎಂದಷ್ಟೇ ನಾನು ತಿಳಿದಿದ್ದೆ. ಈ ಸಲ ಕಾಲೇಜಿನಲ್ಲಿ ಹೇಳುವ ಕಥೆಯಲ್ಲಿ ಎದ್ದು ನಿಂತು 'ತಾಳಿ' ಎನ್ನುವವರು ಹುಸೇನಸಾಬರಾಗುತ್ತಾರೆ.

"ಸಾಕು ಹೊರಗ ಬಾ. ಎಡಕ್ಕೇನ್ ನೋಡೂದೈತಿ?" ಎಂದ ಮಲ್ಲು.

ಒಂದರಿಂದ ಏನೂ ಸಿದ್ಧವಾಗುವುದಿಲ್ಲ, ಆ ಗಾಲಿಯನ್ನೂ ಬಿಚ್ಚು ಎಂದೆ. ಬಿಚ್ಚಿದ. ಎಡಗಡೆಯದರ ಮೇಲೆಯೂ 'ಬೇಡ' ಎಂದೇ ಇತ್ತು. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.