ಶಾಲೆಗೋಡೆಯ ಒಂಟಿ ಎತ್ತು

ಭಾನುವಾರದ ನಸುಕು. ಕಬ್ಬೂರಿನ ಶಾಲೆಯ ಅಂಗಳದಲ್ಲಿ ನರಪಿಳ್ಳೆಯೂ ಇಲ್ಲ. ಪೇಂಟರ್ ರಾಜಾರಾಮ ಏಣಿಯ ಮೇಲೆ ನಿಂತು, ಒಂದು ಕುಂಚವನ್ನು ಹಲ್ಲಲ್ಲಿ ಕಚ್ಚಿಕೊಂಡು ಇನ್ನೊಂದರಿಂದ ಇಲಿಯ ಬಾಲ ಎಳೆಯುತ್ತಿದ್ದಾರೆ. ಎಡಕ್ಕೆ ಒಂದೇ ಇಲಿ, ‘ಮೌಸ್’. ಬಲಕ್ಕೆ ಇಲಿಗಳ ಹಿಂಡು, ‘ಮೈಸ್’. ಕೆಳಗೆ ಟೂತ್–ಟೀತ್, ಫುಟ್–ಫೀಟ್, ಚೈಲ್ಡ್–ಚಿಲ್ಡ್ರನ್, ಎತ್ತಿನ ಆಕ್ಸ್–ಆಕ್ಸನ್. ಕೊನೆಗೊಂದು ‘ಎಸ್’ ಹಚ್ಚಿದರೆ ಸಾಕು ಎಂದು ನಂಬಿದ ಐದನೇ ಇಯತ್ತೆಯ ಮಕ್ಕಳಿಗೆ ಕೈಕೊಡುವ ಹಟಮಾರಿ ಬಹುವಚನಗಳಿವು.

1984ರಿಂದ, ಅಥಣಿಯಿಂದ ನಿಪ್ಪಾಣಿಯವರೆಗೆ ಎಷ್ಟೋ ಶಾಲೆಗಳ ಗೋಡೆಗೆ ಇವನ್ನು ಬರೆದವರು ಇವರೇ. ಇಂಗ್ಲಿಷ್ ಬಾರದು; ಮಾಸ್ತರರು ಕೊಟ್ಟ ಚೀಟಿ ನೋಡಿ ಅಕ್ಷರ ಮೂಡಿಸುತ್ತಾರೆ. ಹಸಿ ಬಣ್ಣಕ್ಕೆ ಮಕ್ಕಳು ಕೈ ಹಚ್ಚುತ್ತಾರೆಂದು ಕೆಲಸವೆಲ್ಲ ರಜೆಯಲ್ಲೇ. “ಹುಡುಗೂರು ಇದನ್ನ ಓದೂದು ನಾ ಒಮ್ಮೀನೂ ಕೇಳಿಲ್ರಿ,” ಎನ್ನುತ್ತಾರೆ.

ಆಗೆಲ್ಲ ಜೊತೆಗೆ ಹೆಂಡತಿ ಅಕ್ಕುತಾಯಿ ಇರುತ್ತಿದ್ದರು. ಏಣಿ ಹಿಡಿಯುತ್ತಿದ್ದರು, ಬಣ್ಣ ಕಲಸುತ್ತಿದ್ದರು. ಎತ್ತಿನ ಕಣ್ಣನ್ನಂತೂ ಅವರೇ ಬರೆಯಬೇಕು. ಹೋದ ವರ್ಷ ಜ್ವರ ಬಂದು ತೀರಿಕೊಂಡರು. ಈಗ ಏಣಿಯ ಬುಡಕ್ಕೆ ಕಲ್ಲು ಒತ್ತಿಟ್ಟಿದ್ದಾರೆ.

“ಕಲ್ಲ ಏಣಿ ಹಿಡೀತೈತ್ರಿ. ಮಾತಾಡಂಗಿಲ್ಲ.”

ಎನ್ನುತ್ತ ಅವರು ಮತ್ತೆ ಕುಂಚ ಅದ್ದುತ್ತಾರೆ.

ಇವತ್ತು ಇನ್ನೊಂದು ಪೇಚು. ಗೋಡೆಯಲ್ಲಿ ಒಂದೇ ಜಾಗ ಖಾಲಿ: ‘ಆಕ್ಸ್’, ಒಂದು ಎತ್ತು. ರಾಜಾರಾಮ ಇಷ್ಟು ವರ್ಷ ಆಕ್ಸ್, ಆಕ್ಸನ್ ಎರಡಕ್ಕೂ ಜೋಡೆತ್ತನ್ನೇ ಬರೆಯುತ್ತ ಬಂದವರು. ಈ ಸೀಮೆಯಲ್ಲಿ ನೊಗಕ್ಕೆ ಒಂದೇ ಎತ್ತು ಹೂಡುವುದುಂಟೆ? “ಎತ್ತಂದ್ರ ಜೋಡೀನ ರೀ. ಒಂಟಿ ಎತ್ತ ತಗ್ಯಾಕ ಕೈ ಏಳಂಗಿಲ್ಲ. ಈಗಂತೂ ಮೊದ್ಲ ಏಳಂಗಿಲ್ಲ.”

ಆದರೆ ಹೆಡ್‌ಮಾಸ್ತರ ಭಾವುಸಾಹೇಬರು ನಿನ್ನೆಯೇ ಖಡಾಖಂಡಿತವಾಗಿ ಹೇಳಿದ್ದಾರಂತೆ: “ಒಂದ ಎತ್ತ ತಗೀಪಾ. ಇಲ್ಲಾಂದ್ರ ಗ್ವಾಡಿಗೆಲ್ಲಾ ಸುಣ್ಣಾ ಬಳಿಸತೀನಿ. ಹುಡುಗೂರು ತಪ್ಪ ಕಲೀತಾವ.”

ಬಿಸಿಲೇರುವ ಹೊತ್ತಿಗೆ ಒಂದು ಬಿಳಿ ಎತ್ತು ಮೂಡುತ್ತದೆ. ಕಣ್ಣಿನ ಹತ್ತಿರ ಬಂದಾಗ ಕುಂಚ ಬಹಳ ಹೊತ್ತು ನಿಲ್ಲುತ್ತದೆ. ಆಮೇಲೆ ಅದನ್ನೂ ತಾವೇ ಬರೆಯುತ್ತಾರೆ. ಎತ್ತಿನ ಹೆಗಲ ಮೇಲೆ ನೊಗ. ನೊಗದ ಇನ್ನೊಂದು ತುದಿ ಬರಿಗೋಡೆಗೆ ಚಾಚಿದೆ.

ಅಷ್ಟರಲ್ಲಿ ಬಂದ ಭಾವುಸಾಹೇಬರು ಗೋಡೆಯನ್ನೇ ನೋಡುತ್ತ ನಿಲ್ಲುತ್ತಾರೆ.

“ನೊಗಾ ಯಾಕೋ ರಾಜಾರಾಮ?”

ರಾಜಾರಾಮ ಏಣಿ ಇಳಿದು ಕುಂಚ ಒರೆಸಿಕೊಳ್ಳುತ್ತಾರೆ.

“ನೀವು ಅಂದಂಗ ಒಂದ ಎತ್ತ ತಗದೇನ್ರಿ. ಆಕಿ ಜಾಗಾ ಅಳಸು ಅಂತ ನೀವು ಅಂದಿಲ್ಲಲ್ರಿ.”